ಮುಖ ನೋಡದೆ ಹಾಕಿದ ಅನ್ನ

ನಮ್ಮ ಊರಿಗೆ ಬರುವ ಬಸ್ಸಿನ ಬೋರ್ಡಿನ ಮೇಲೆ ಊರಿನ ಹೆಸರಿರುವುದಿಲ್ಲ. ಗೊತ್ತಿದ್ದವರು ಹತ್ತುತ್ತಾರೆ, ಗೊತ್ತಿಲ್ಲದವರು ಮುಂದಿನ ಬಸ್ಸಿಗೆ ಕಾಯುತ್ತಾರೆ. ಹಾಗೆ ಹತ್ತಿ ಬಂದು ಇಳಿದವರಿಗೆ ಮೊದಲು ಹೇಳಿಕೊಡಬೇಕಾದ್ದು ಒಂದೇ ಸಂಗತಿ: ಇಲ್ಲಿ "ಊಟ ಆಯ್ತಾ?" ಎಂದು ಸುಮ್ಮನೆ ಕೇಳಬಾರದು. ಬೇರೆ ಕಡೆ ಅದು ನಮಸ್ಕಾರದಂಥ ಮಾತು, ಕೇಳಿದವರೂ ಮರೆಯುತ್ತಾರೆ, ಕೇಳಿಸಿಕೊಂಡವರೂ ಮರೆಯುತ್ತಾರೆ. ನಮ್ಮಲ್ಲಿ ಬಾಗಿಲಿನಲ್ಲೋ ಕಿಟಕಿಯಲ್ಲೋ ಹಿತ್ತಲ ಗೋಡೆಯ ಆಚೆಯಿಂದಲೋ ಯಾರಾದರೂ ಹಾಗೆ ಕೇಳಿದರೆ, ಒಳಗಿದ್ದವರು ಮುಖವನ್ನು ಬೇರೆ ಕಡೆ ತಿರುಗಿಸಿ, ಕೈಯೊಂದನ್ನೇ ಚಾಚಿ, ಒಂದು ತುತ್ತು ಕೊಡಬೇಕು. ಬೇಡಿದವರಿಗೆ ನಾಚಿಕೆಯಾಗಬಾರದೆಂದು ಕೇಳಿದವರ ಮುಖ ನೋಡುವಂತಿಲ್ಲ. ನಿಜವಾಗಿ ಹಸಿದಿದ್ದಾರೆಯೇ ಎಂದು ವಿಚಾರಿಸುವಂತಿಲ್ಲ. ಜಗಳ ಮುಗಿಯುವುದೂ ಇದೇ ಮಾತಿನಿಂದ. ಮುನಿಸಿಕೊಂಡ ಇಬ್ಬರಲ್ಲಿ ಹಿರಿಯರು "ಊಟ ಆಯ್ತಾ?" ಎಂದು ಕೂಗುತ್ತಾರೆ, ಕಿರಿಯರು, ಆಗತಾನೇ ಹೊಟ್ಟೆ ಬಿರಿಯ ಉಂಡಿದ್ದರೂ, "ಇಲ್ಲ, ಬಡಿಸು" ಎಂದು ಉತ್ತರ ಕೊಟ್ಟು ಹೋಗಿ ಎಲೆಯ ಮುಂದೆ ಕೂರುತ್ತಾರೆ. ಯಾರದು ತಪ್ಪು ಎಂಬ ಚರ್ಚೆ ಅಲ್ಲಿಗೆ ಮುಗಿಯಿತು. ವಿಜ್ಞಾನ ಓದಿದ ನನಗೂ ಇದೊಂದು ಒಳ್ಳೆಯ ಏರ್ಪಾಡೆಂದೇ ತೋರುತ್ತಿತ್ತು, ಗೊರವಂಕಗಳು ಅದನ್ನು ಕಲಿಯುವ ತನಕ.

ಗೊರವಂಕವನ್ನು ನೀವು ನೋಡಿಯೇ ಇರುತ್ತೀರಿ. ಕಂದು ಮೈ, ಕಣ್ಣಿನ ಸುತ್ತ ಹಳದಿ, ಹಾರುವುದಕ್ಕಿಂತ ನಡೆಯುವುದೇ ಹೆಚ್ಚು, ಅದೂ ತಪಾಸಣೆಗೆ ಬಂದ ಇನ್‌ಸ್ಪೆಕ್ಟರರ ನಡಿಗೆ. ನಮ್ಮ ಊರಿನವು ಮನುಷ್ಯರ ಮಾತನ್ನು ಅಚ್ಚೊತ್ತಿದ ಹಾಗೆ ಆಡುತ್ತವೆ. ಸುಮ್ಮನೆ ಆಡುವುದಿಲ್ಲ, ತುತ್ತಿಗಾಗಿ ಆಡುತ್ತವೆ. ಯಾವ ಮನೆಯಲ್ಲಿ ಯಾರ ಧ್ವನಿಗೆ ದೊಡ್ಡ ತುತ್ತು ಬೀಳುತ್ತದೆ ಎಂಬುದು ಅವಕ್ಕೆ ಚೆನ್ನಾಗಿ ಗೊತ್ತು. ಬಾಣಂತಿಯ ಮನೆಯಲ್ಲಿ ಅವಳ ತಾಯಿಯ ಧ್ವನಿ, ಹೊಸದಾಗಿ ಮದುವೆಯಾದವರ ಮನೆಯಲ್ಲಿ ಬೀಗರ ಧ್ವನಿ. ಮುಖ ನೋಡುವಂತಿಲ್ಲವಲ್ಲ! ಊರಿನ ಜನ ಕಂಬಕ್ಕೋ ಗೋಡೆಗೋ ಮುಖ ಮಾಡಿಕೊಂಡು ಬಿಸಿ ಅನ್ನವನ್ನು ಹಿಂದಕ್ಕೆ ಚಾಚುತ್ತಾರೆ, ಈ ಇನ್‌ಸ್ಪೆಕ್ಟರುಗಳು ಬಂದು ಕುಕ್ಕಿಕೊಂಡು ಹೋಗುತ್ತವೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ನನ್ನ ತರಗತಿಯಲ್ಲಿ ಹಾಜರಿ ಕೂಗುವುದು ನಿಂತು ಬಹಳ ಕಾಲವಾಯಿತು. ಮಕ್ಕಳು ಕಿಟಕಿಯ ಗೊರವಂಕಗಳಿಗೆ ಕಡ್ಲೆಬೀಜ ಹಾಕಿ ಪಳಗಿಸಿಬಿಟ್ಟಿದ್ದರು. ನಾನು ಹೆಸರು ಕೂಗಿದರೆ ಸಿನಿಮಾಕ್ಕೆ ಹೋದವನ ಧ್ವನಿಯಲ್ಲಿಯೇ "ಪ್ರೆಸೆಂಟ್ ಮಿಸ್" ಎಂದು ಉತ್ತರ ಬರುತ್ತಿತ್ತು. ಈಗ ಎದ್ದು ನಿಂತು ತಲೆ ಎಣಿಸುತ್ತೇನೆ. ಸೊಪ್ಪು ಮಾರುವ ಹೊಂಬಾಳಮ್ಮ "ದಂಟು, ಮೆಂತ್ಯ, ಸಬ್ಬಸಿಗೇ" ಎಂದು ಕೂಗುವುದನ್ನು ಬಿಟ್ಟು ಬಾಗಿಲು ಬಡಿಯುತ್ತಾಳೆ. ಅವಳ ಕೂಗಿಗೆ ಹೊರಬಂದವರು ಖಾಲಿ ಬೀದಿಯನ್ನು ನೋಡಿ ನೋಡಿ ಬೇಸತ್ತಿದ್ದರು. ಹೆಣ್ಣು ನೋಡಲು ಬಂದವರು ಒಪ್ಪಿಗೆಯನ್ನು ಬಾಯಲ್ಲಿ ಹೇಳದೆ ಎದುರುಬದುರು ಕೂತು ತಲೆಯಾಡಿಸುತ್ತಾರೆ. ಇನ್ನು ಆಡಬಾರದ್ದನ್ನು ಆಡಿ ಸಿಕ್ಕಿಬಿದ್ದವರಿಗಂತೂ ಒಂದು ಸಿದ್ಧ ಉತ್ತರವಿದೆ: "ಅಯ್ಯೋ, ಹಕ್ಕಿ ಮಾತು ಕಟ್ಕೊಂಡು ಕೂತ್ರೆ ಆಯ್ತಾ?"

ಎಲ್ಲಕ್ಕಿಂತ ಹೆಚ್ಚಾಗಿ ಕೆಟ್ಟದ್ದು ರಾಜಿಯ ಮಾತು. ಕಂಚಿನ ಪಾತ್ರೆ ಅಂಗಡಿಯ ಗುರುಮಲ್ಲಪ್ಪನವರು ಅಣ್ಣನ ಧ್ವನಿ ಕೇಳಿ, ಕಣ್ಣು ಒರೆಸಿಕೊಂಡು, "ಇಲ್ಲ, ಬಡಿಸು" ಎಂದು ಅಣ್ಣನ ಮನೆಗೆ ನುಗ್ಗಿದರು. ಅಣ್ಣ ಚಾಪೆಯ ಮೇಲೆ ಮಲಗಿದ್ದವನು ಎದ್ದು, "ನಿನ್ನ ಯಾರೋ ಕರೆದದ್ದು?" ಎಂದ. ಇದ್ದ ಜಗಳ ಇಮ್ಮಡಿಯಾಯಿತು. ಅಂಥವು ಒಂದೆರಡು ನಡೆದ ಮೇಲೆ ಜನ ಉತ್ತರ ಕೊಡುವುದನ್ನೇ ಬಿಟ್ಟರು. ಯಾವ ಧ್ವನಿ ಬಂದರೂ ಮುಖ ತಿರುಗಿಸಿ ಒಂದು ತುತ್ತು ಎಸೆದು ಕೈ ತೊಳೆದುಕೊಳ್ಳುವುದು. ಹೀಗೆ ನಮ್ಮ ಊರಿನಲ್ಲಿ ಜಗಳಗಳು ಮುಗಿಯುವುದು ನಿಂತುಹೋಯಿತು.

ಪುರಸಭೆಯವರು ಒಂದು ಸಮಿತಿ ಮಾಡಿದರು. ವಿಜ್ಞಾನದವಳೆಂದು ನನ್ನನ್ನೂ ಕರೆದರು. ನಾನು ತಯಾರಿ ಮಾಡಿಕೊಂಡು ಹೋಗಿ ಸ್ಪಷ್ಟವಾಗಿ ಹೇಳಿದೆ: ಹಕ್ಕಿ ತಾನಾಗಿ ಮಾತು ಕಟ್ಟುವುದಿಲ್ಲ, ಕೇಳಿದ್ದನ್ನಷ್ಟೇ ಆಡುತ್ತದೆ, ಒಂದು ಸಲ ಕೇಳಿ ಕಲಿಯುವುದಿಲ್ಲ, ದಿನದಿನವೂ ಕೇಳಬೇಕು, ಕಲಿತದ್ದಕ್ಕೆ ಅನ್ನ ಸಿಗದಿದ್ದರೆ ತಾನಾಗಿಯೇ ಮರೆಯುತ್ತದೆ. ಆದ್ದರಿಂದ ಮುಖ ನೋಡಿ ಕೊಡಿ, ಹಕ್ಕಿಯಾದರೆ ಕೊಡಬೇಡಿ, ಬೇಸಿಗೆ ಕಳೆಯುವುದರೊಳಗೆ ಕಾಟ ತಪ್ಪುತ್ತದೆ.

ಅಧ್ಯಕ್ಷ ನೀಲಕಂಠಪ್ಪನವರು ಕನ್ನಡಕ ತೆಗೆದರು. "ಟೀಚರಮ್ಮ, ಮುಖ ನೋಡಿ ಅನ್ನ ಹಾಕೋದು ನಮ್ಮೂರಲ್ಲಿ ಇಲ್ಲ."

"ಹಕ್ಕಿ ಮುಖ ನೋಡಿದ್ರೆ ಹಕ್ಕಿಗೇನು ನಾಚಿಕೆ ಆಗತ್ತಾ ಸರ್?"

"ಅದು ಹಕ್ಕಿ ಅಂತ ಗೊತ್ತಾಗ್ಬೇಕಾದ್ರೆ ಮೊದಲು ನೋಡ್ಬೇಕಲ್ಲ ತಾಯಿ. ಅಕಸ್ಮಾತ್ ಮನುಷ್ಯ ಆಗಿದ್ರೆ?"

ಸಮಿತಿ ಕಾಫಿ ಕುಡಿದು ಮುಗಿಯಿತು. ಕಾಫಿಯ ಜತೆ ಕೊಟ್ಟ ಕೋಡುಬಳೆಯಲ್ಲಿ ಅರ್ಧ, ಅಧ್ಯಕ್ಷರ ಹೆಂಡತಿಯ ಧ್ವನಿಯಲ್ಲಿ ಯಾರೋ ಕಿಟಕಿಯಿಂದ ಕೇಳಿದ್ದರಿಂದ, ಹೊರಗೆ ಹೋಯಿತು.

ನನ್ನ ಅಕ್ಕನ ಹೆಸರು ಅಂಬುಜ, ನನ್ನದು ವಾರಿಜ. ಎರಡಕ್ಕೂ ಒಂದೇ ಅರ್ಥ. ನಮ್ಮಪ್ಪನಿಗೆ ಹೂವುಗಳ ಬಗ್ಗೆ ಹೆಚ್ಚು ತಿಳಿದಿರಲಿಲ್ಲ. ನಾನು ಮದುವೆಯಾಗಲಿಲ್ಲ. ಅಕ್ಕ ಮದುವೆಯಾಗಿ ಹೋದದ್ದು ಹಿಂದಿನ ಬೀದಿಗೆ, ಅವಳ ಹಿತ್ತಲಿಗೂ ನನ್ನ ಹಿತ್ತಲಿಗೂ ನಡುವೆ ಒಂದೇ ಗೋಡೆ. ಭಾವ ಹೋದ ಮೇಲೆ ಅವಳೂ ಒಬ್ಬಳೇ. ಭಾನುವಾರ ನಾನು ಅವಳ ಮನೆಯಲ್ಲಿ ಉಣ್ಣುವುದು ರೂಢಿ. ಅಕ್ಕನ ಕೈ ಒಂದು ಕಾಲಕ್ಕೆ ತುಂಬಿದ್ದ ಮನೆಯ ಎಂಟು ಜನರ ಅಡುಗೆಗೆ ಪಳಗಿದ್ದು. ಒಬ್ಬಳಿಗೆ ಮಾಡುವಾಗ ಬೇಳೆ, ನೀರು, ಉಪ್ಪು ಎಲ್ಲ ಇಳಿಸಿದಳು. ಹುಣಿಸೇಹಣ್ಣಿನ ಉಂಡೆ ಮಾತ್ರ ಹಳೆಯ ಗಾತ್ರದಲ್ಲಿಯೇ ಉಳಿಯಿತು. ಒಂದು ಭಾನುವಾರ ಅಲ್ಲಿಂದ ಹುಳಿಗೆ ಹಲ್ಲು ಜುಮ್ಮೆನ್ನುತ್ತ ಮನೆಗೆ ಬಂದಾಗ ಹೊಂಬಾಳಮ್ಮ ಜಗಲಿಯ ಮೇಲೆ ಬುಟ್ಟಿ ಇಳಿಸಿ ಕೂತಿದ್ದಳು.

"ಏನವ್ವ ಟೀಚರಮ್ಮ, ಮೊಗ ಹಿಂಗೆ ಕಿವುಚ್ಕಂಡಿದ್ದೀಯ?"

"ಅಕ್ಕನ ಮನೇಲಿ ಊಟ ಮಾಡ್ದೆ."

"ಒಡಹುಟ್ಟಿದೋಳ ಕೈ ಊಟ ಉಂಡೋರ ಮೊಗ ಹಿಂಗಿದ್ದದಾ?"

"ಅಕ್ಕನ ಸಾರು ಬರೀ ಹುಣಿಸೇನೀರು, ಹೊಂಬಾಳಮ್ಮ."

ಹೊಂಬಾಳಮ್ಮ ಬಾಯಿಗೆ ಸೆರಗು ಹಿಡಿದು ನಕ್ಕಳು. ಅವಳು ನಕ್ಕದ್ದರಿಂದಲೋ ಏನೋ ಆ ಮಾತು ನನ್ನ ನಾಲಿಗೆಯಲ್ಲಿ ಕೂತಿತು. ಶಾಲೆಯಲ್ಲಿ ಗಣಿತದ ಮೇಡಂ ಹತ್ತಿರ ಹೇಳಿದೆ. ಹಿತ್ತಲಲ್ಲಿ ಪಾತ್ರೆ ತೊಳೆಯುತ್ತ, ಯಾರೂ ಇಲ್ಲದಾಗಲೂ, ಹೇಳಿಕೊಂಡೆ. ಯಾರೂ ಇಲ್ಲ ಎಂದು ನಮ್ಮ ಊರಿನಲ್ಲಿ ಅಂದುಕೊಳ್ಳುವಂತಿಲ್ಲ ಎಂಬುದು ಎಲ್ಲರಿಗಿಂತ ನನಗೆ ಚೆನ್ನಾಗಿ ಗೊತ್ತಿರಬೇಕಿತ್ತು.

ಒಂದು ಮಧ್ಯಾಹ್ನ ಅಕ್ಕನ ಅಡುಗೆಮನೆಯ ಕಿಟಕಿಯಲ್ಲಿ ಒಂದು ಗೊರವಂಕ ಕೂತು, ನನ್ನ ಧ್ವನಿಯಲ್ಲಿ, ನೆಗಡಿಯಾದಾಗ ನನ್ನ ಮೂಗಿನಿಂದ ಹೊರಡುವ ರಾಗದ ಸಮೇತ, "ಅಕ್ಕನ ಸಾರು ಬರೀ ಹುಣಿಸೇನೀರು" ಎಂದಿತು. ಅಕ್ಕ ಕೈಯಲ್ಲಿದ್ದ ಸೌಟನ್ನು ಬೀಸಿ ಎಸೆದಳು. ಸೌಟಿನಲ್ಲಿ ಕಲಸಿದ ಅನ್ನ ಮೆತ್ತಿಕೊಂಡಿತ್ತು. ಹಕ್ಕಿಗೆ ಕೋಪದ ಅನ್ನ, ಪ್ರೀತಿಯ ಅನ್ನ ಎಂಬ ಭೇದ ತಿಳಿಯುವುದಿಲ್ಲ. ಈ ಮಾತಿಗೆ ಇಲ್ಲಿ ಅನ್ನ ಬೀಳುತ್ತದೆ ಎಂದು ಅದು ತಿಳಿದುಕೊಂಡಿತು. ಮರುದಿನವೂ ಬಂತು. ಅದರ ಮರುದಿನ ಇನ್ನೆರಡನ್ನು ಕರೆತಂದಿತು.

ಭಾನುವಾರ ನಾನು ಹೋದಾಗ ಅಕ್ಕ ಎಲೆ ಹಾಕಿರಲಿಲ್ಲ. ಕಿಟಕಿಯ ಕಡೆ ಬೆರಳು ತೋರಿಸಿ, "ಇದು ನಿನ್ನ ಧ್ವನಿ ತಾನೇ?" ಎಂದಳು.

ಬೇರೆ ಯಾರಾದರೂ ಆಗಿದ್ದರೆ ಹಕ್ಕಿ ಮಾತು ಎಂದು ಜಾರಿಕೊಳ್ಳುತ್ತಿದ್ದರು. ನನಗೆ ಅದು ಆಗದು. "ಅಕ್ಕ, ಅದರಲ್ಲಿ ಬೇಜಾರು ಮಾಡ್ಕೊಳ್ಳೋದು ಏನೂ ಇಲ್ಲ. ಅದು ಪ್ರಮಾಣದ ಪ್ರಶ್ನೆ. ಎಂಟು ಜನಕ್ಕೆ ಹಾಕೋ ಹುಳಿಯನ್ನ ಒಬ್ಬರ ಸಾರಿಗೆ ಹಾಕಿದ್ರೆ..."

"ಒಂದು ಸಲ ಕೇಳಿದ್ರೆ ಹಕ್ಕಿ ಕಲಿಯಲ್ಲ ಅಂತ ಪುರಸಭೇಲಿ ಭಾಷಣ ಮಾಡಿದ್ಯಂತಲ್ಲ. ಎಷ್ಟು ಸಲ ಹೇಳಿದ್ಯೇ?"

ನನ್ನ ಸಿದ್ಧಾಂತವನ್ನು ನನಗೇ ಇಷ್ಟು ಸರಿಯಾಗಿ ಒಪ್ಪಿಸಿದ ವಿದ್ಯಾರ್ಥಿ ಇನ್ನೊಬ್ಬರಿಲ್ಲ.

"ನಾನು ಒಬ್ಬಳೇ ಅಂತ ನನಗೆ ಗೊತ್ತು ಕಣೇ," ಎಂದಳು ಅಕ್ಕ. "ನೀನು ಲೆಕ್ಕ ಹಾಕಿ ಹೇಳ್ಬೇಕಾಗಿರ್ಲಿಲ್ಲ."

ಅಂದಿನಿಂದ ಮಾತು ನಿಂತಿತು. ಯುಗಾದಿಗೆ ಅಕ್ಕನ ಮನೆಯ ಒಬ್ಬಟ್ಟು ಬರಲಿಲ್ಲ. ಬೇಸಿಗೆಯಲ್ಲಿ ಉಪ್ಪಿನಕಾಯಿಯ ಜಾಡಿ ಬರಲಿಲ್ಲ. ಮಳೆಗಾಲ ಶುರುವಾಯಿತು. ಈ ಊರಿನಲ್ಲಿ ನನ್ನವರೆಂದು ಇರುವುದು ಅಕ್ಕ ಒಬ್ಬಳೇ. ಅವಳ ಕೆಮ್ಮು, ಬಕೆಟ್ಟಿನ ಸದ್ದು, ಒಗ್ಗರಣೆಯ ಘಮ ಎಲ್ಲ ಗೋಡೆ ದಾಟಿ ಬರುತ್ತವೆ, ಮಾತು ಮಾತ್ರ ಬರುವುದಿಲ್ಲ. ಕಿರಿಯಳಾದ ನಾನು ಕರೆಯದೆ ಹೋಗಿ ಕೂರುವಂತಿಲ್ಲ. ಹಿರಿಯಳಾದ ಅವಳು ಕೇಳಬೇಕು. ಅವಳು ಕೇಳಿದರೂ ಅದು ಅವಳೇ ಎಂದು ತಿಳಿಯುವುದು ಹೇಗೆ? ನನ್ನ ಹಿತ್ತಲಲ್ಲಿ ದಿನಕ್ಕೆ ಹತ್ತು ಸಲ ಹತ್ತು ಧ್ವನಿಗಳು "ಊಟ ಆಯ್ತಾ?" ಎನ್ನುತ್ತಿದ್ದವು. ನಾನೂ ಎಲ್ಲರ ಹಾಗೆ, ತಲೆಯೆತ್ತದೆ, ದೋಸೆಯ ಅಂಚನ್ನೋ ಚಪಾತಿಯ ಚೂರನ್ನೋ ಗೋಡೆಯ ಕಡೆ ಎಸೆದು ಉತ್ತರಪತ್ರಿಕೆ ತಿದ್ದುತ್ತ ಕೂರುತ್ತಿದ್ದೆ. ಗೋಡೆ ದಾಟಿ ಬಿದ್ದರೆ ಬಿತ್ತು.

ಒಮ್ಮೆ ತಡೆಯಲಾರದೆ ನಾನೇ ಗೋಡೆಯ ಬಳಿ ನಿಂತು ಕೂಗಿದೆ. "ಅಕ್ಕಾ!"

ಆಚೆ ಪಾತ್ರೆಯ ಸದ್ದು ನಿಂತಿತು. ಸ್ವಲ್ಪ ಹೊತ್ತಿನಲ್ಲಿ ಗೋಡೆಯ ಮೇಲೆ ಪಚಕ್ಕನೆ ಒಂದು ಅನ್ನದ ಮುದ್ದೆ ಬಂದು ಬಿತ್ತು.

"ಅಕ್ಕ, ನಾನು ಕಣೇ!"

"ಹೂಂ, ನೀನು ಕಣೆ. ತಿಂದು ಸಾಯಿ," ಎಂದಿತು ಅಕ್ಕನ ಧ್ವನಿ. ಇನ್ನೊಂದು ಮುದ್ದೆ ಬಿತ್ತು. 'ನಾನು ಕಣೇ' ಎಂಬುದನ್ನೂ ಗೊರವಂಕಗಳು ಎಂದೋ ಕಲಿತಿದ್ದವು.

ನನಗೆ ಎಷ್ಟು ರೇಗಿತೆಂದರೆ ಅಲ್ಲಿಯೇ ಇದ್ದ ತೆಂಗಿನ ಪೊರಕೆಯನ್ನು ನೆಲಕ್ಕೆ ಬಡಿದೆ. ಆಮೇಲೆ, ಆ ಕಡೆ ಈ ಕಡೆ ಯಾರೂ ನೋಡುತ್ತಿಲ್ಲವೆಂದು ಖಚಿತ ಮಾಡಿಕೊಂಡು, ಗೋಡೆಯ ಮೇಲಿನ ಮುದ್ದೆಯನ್ನು ಬೆರಳ ತುದಿಯಲ್ಲಿ ಮುಟ್ಟಿ ನಾಲಿಗೆಗೆ ಇಟ್ಟುಕೊಂಡೆ. ಸಾರನ್ನ. ಹುಳಿ ಹದವಾಗಿತ್ತು. ಅಕ್ಕ ಉಂಡೆಯ ಗಾತ್ರ ಇಳಿಸಿದ್ದಳು. ಒಂದು ಗೊರವಂಕ ಗೋಡೆಯ ಆ ತುದಿಯಿಂದ ನಡೆದು ಬಂದು, ತನ್ನ ಪಾಲಿಗೆ ಕೈ ಹಾಕಿದವಳನ್ನು ಓರೆಗಣ್ಣಿನಿಂದ ನೋಡಿತು.

ಅದಾದ ಕೆಲವು ದಿನಗಳಿಗೆ ನನ್ನ ಅಡುಗೆಮನೆಯ ಕಿಟಕಿಯಲ್ಲಿ ಹೊಸ ಮಾತು ಶುರುವಾಯಿತು. ಅಕ್ಕನ ಧ್ವನಿ. "ಪೀಚೂ, ಊಟ ಆಯ್ತೇನೇ?"

ಪೀಚು ಎಂದರೆ ನಾನು. ಹುಟ್ಟಿದಾಗ ಎಳೆ ಮಾವಿನಕಾಯಿಯ ಹಾಗಿದ್ದೆನಂತೆ. ಆ ಹೆಸರಿನಿಂದ ಕರೆಯುತ್ತಿದ್ದವರು ಅಮ್ಮ ಮತ್ತು ಅಕ್ಕ. ಅಮ್ಮ ಹೋದ ಮೇಲೆ ಅಕ್ಕನೂ ಬಿಟ್ಟಿದ್ದಳು. ಐವತ್ತು ದಾಟಿದವಳನ್ನು, ಅದೂ ಟೀಚರನ್ನು, ಯಾರು ಪೀಚು ಎನ್ನುತ್ತಾರೆ? ಮೊದಲ ಸಲ ಕೇಳಿದಾಗ ನನ್ನ ಕೈಯಲ್ಲಿದ್ದ ಇಡೀ ರೊಟ್ಟಿಯನ್ನು ಕಿಟಕಿಯಲ್ಲಿ ಇಟ್ಟುಬಿಟ್ಟೆ. ಅದೇ ನಾನು ಮಾಡಿದ ತಪ್ಪು. ಇಡೀ ರೊಟ್ಟಿ! ಊರಿನ ಗೊರವಂಕಗಳಿಗೆಲ್ಲ ಸುದ್ದಿ ಮುಟ್ಟಿತು. ವಾರ ಕಳೆಯುವುದರೊಳಗೆ ನನ್ನ ಮಾಡಿನ ಮೇಲೆ, ನುಗ್ಗೇಮರದಲ್ಲಿ, ಶಾಲೆಯ ದಾರಿಯ ತಂತಿಯ ಮೇಲೆ, ಎಲ್ಲೆಲ್ಲೂ ಪೀಚು, ಪೀಚು, ಪೀಚು. ತರಗತಿಯಲ್ಲಿ ಆಮ್ಲ ಮತ್ತು ಪ್ರತ್ಯಾಮ್ಲ ವಿವರಿಸುತ್ತಿದ್ದಾಗ ಕಿಟಕಿಯಿಂದ "ಪೀಚೂ, ಊಟ ಆಯ್ತೇನೇ?" ಎಂದು ಬಂತು. ಮರುದಿನ ಹಲಗೆಯ ಮೇಲೆ 'ಪೀಚು ಮಿಸ್‌ಗೆ ಸುಪ್ರಭಾತ' ಎಂದು ಬರೆದಿತ್ತು. ಹೊಂಬಾಳಮ್ಮ ಬುಟ್ಟಿ ಇಳಿಸುತ್ತ, "ಪೀಚವ್ವ, ದಂಟು ಬೇಕಾ?" ಎಂದಳು. ನಾನು ಬೇಡವೆಂದು ಬಾಗಿಲು ಹಾಕಿದೆ. ಸಮಿತಿಯ ಮುಂದೆ ಹೇಳಿದ ಹಾಗೆ ಅನ್ನ ನಿಲ್ಲಿಸಿದರೆ ಮರೆಯುತ್ತವೆ ಎಂದು ಗಟ್ಟಿ ಮನಸ್ಸು ಮಾಡಿ, ಕಿಟಕಿ ಮುಚ್ಚಿ, ಒಂದು ಅಗುಳನ್ನೂ ಹಾಕದೆ ಕೂತೆ.

ಹಾಗೆ ಕಿಟಕಿ ಮುಚ್ಚಿ ಕೂತಾಗಲೇ ನಾನು ಅದನ್ನು ಪೂರ್ತಿ ಕೇಳಿದ್ದು. ಅಲ್ಲಿಯ ತನಕ ಹೆಸರು ಕಿವಿಗೆ ಬಿದ್ದ ಕೂಡಲೇ ಅನ್ನ ಎಸೆಯುತ್ತಿದ್ದೆ, ಹಕ್ಕಿಯ ಬಾಯಿ ಅಲ್ಲಿಗೇ ಮುಚ್ಚುತ್ತಿತ್ತು. ಈಗ ಅನ್ನ ಬೀಳದ್ದರಿಂದ ಅದು ಮೊದಲಿನಿಂದ ಕೊನೆಯ ತನಕ ಒಪ್ಪಿಸತೊಡಗಿತು. ಯಾವ ಭಾಗಕ್ಕೆ ಅನ್ನ ಸಿಗುತ್ತದೆಂದು ಅದಕ್ಕೆ ತಿಳಿಯದು, ಆದ್ದರಿಂದ ಕೇಳಿದ್ದೆಲ್ಲವನ್ನೂ ಸುರಿಯುತ್ತದೆ. ನನ್ನ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಮಾಡುವುದೂ ಇದನ್ನೇ. ಮೊದಲು ಸ್ಟೀಲಿನ ತಟ್ಟೆಯನ್ನು ನೆಲಕ್ಕೆ ಇಡುವ ಸದ್ದು, ಟಣ್. ಮತ್ತೊಮ್ಮೆ, ಟಣ್. ಆಮೇಲೆ "ಪೀಚೂ, ಊಟ ಆಯ್ತೇನೇ?" ಆಮೇಲೆ ಏನೂ ಇಲ್ಲ. ಗಾಜಿನ ಆಚೆ ಹಕ್ಕಿ ಕೊಕ್ಕು ತೆರೆದುಕೊಂಡೇ ಕಾಯುತ್ತಿತ್ತು, ಯಾರೋ ಉತ್ತರಕ್ಕೆಂದು ಬಿಟ್ಟ ಜಾಗದ ಹಾಗೆ. ಆಮೇಲೆ "ಹೂಂ" ಎಂಬ ಒಂದು ಉಸಿರು. ಆಮೇಲೆ ಒಂದು ತಟ್ಟೆಯನ್ನು ಎತ್ತಿ ಗೂಡಿನಲ್ಲಿ ಇಡುವ ಸದ್ದು.

ನಾನು ಆತುರದಿಂದ ತೀರ್ಮಾನಕ್ಕೆ ಬರುವವಳಲ್ಲ. ಎರಡನೆಯ ಟಣ್ ಲೋಟದ್ದಿರಬಹುದು. ಪಾತ್ರೆಯ ಮುಚ್ಚಳದ್ದಿರಬಹುದು. ನನ್ನ ತಟ್ಟೆ, ಲೋಟ, ಮುಚ್ಚಳಗಳನ್ನು ಒಂದೊಂದಾಗಿ ನೆಲಕ್ಕೆ ಇಟ್ಟು ಕೇಳಿದೆ. ಲೋಟದ ಸದ್ದು ಕಿರಿದು, ಮುಚ್ಚಳದ್ದು ಅದುರುತ್ತದೆ. ಹಕ್ಕಿ ಆಡಿದ್ದು ತಟ್ಟೆ. ಎರಡೂ ತಟ್ಟೆ. ಹಕ್ಕಿ ತಾನಾಗಿ ಮಾತು ಕಟ್ಟುವುದಿಲ್ಲ, ಕೇಳಿದ್ದನ್ನಷ್ಟೇ ಆಡುತ್ತದೆ. ಒಂದು ಸಲ ಕೇಳಿ ಕಲಿಯುವುದಿಲ್ಲ, ದಿನದಿನವೂ ಕೇಳಬೇಕು. ಹೇಳಿದವಳು ನಾನೇ.

ಮೂರ್ಖ ಹೆಂಗಸು, ಗಟ್ಟಿಯಾಗಿ ಕೇಳಿದ್ದರೆ ಏನಾಗುತ್ತಿತ್ತು? ಬೈಯುತ್ತಲೇ ಚಪ್ಪಲಿ ಮೆಟ್ಟಿದೆ. ಬೀದಿಯ ತುದಿಯ ತನಕ ಹೋಗಿ, ಹಿಟ್ಟಿನ ಗಿರಣಿಯನ್ನು ಬಳಸಿಕೊಂಡು, ಹಿಂದಿನ ಬೀದಿಗೆ ತಿರುಗಿದೆ. ತಂತಿಯ ಮೇಲಿನ ಹಕ್ಕಿಗಳು ನನ್ನ ಹೆಸರು ಕೂಗುತ್ತ ಜತೆಗೆ ಬಂದವು. ಅಕ್ಕನ ಬಾಗಿಲು ತೆರೆದೇ ಇತ್ತು. ಅಡುಗೆಮನೆಯಲ್ಲಿ ಅವಳು ಬಾಗಿಲಿಗೆ ಬೆನ್ನು ಮಾಡಿ, ಒಲೆಯ ಕಡೆ ತಿರುಗಿ ಕೂತಿದ್ದಳು. ಮುಂದೆ ಒಂದು ತಟ್ಟೆ. ಎದುರಿಗೆ ಇನ್ನೊಂದು, ಖಾಲಿ.

"ಅಕ್ಕಾ," ಎಂದೆ.

ಅವಳು ತಿರುಗಲಿಲ್ಲ. ತಟ್ಟೆಯಿಂದ ಒಂದು ಹಿಡಿ ತೆಗೆದು, ರೂಢಿಯ ಪ್ರಕಾರ ಮುಖವನ್ನು ಇನ್ನಷ್ಟು ಆಚೆಗೆ ಹೊರಳಿಸಿ, ಹಿಂದಕ್ಕೆ ಎಸೆದಳು. ಅರ್ಧ ನನ್ನ ಕನ್ನಡಕಕ್ಕೆ, ಅರ್ಧ ಸೀರೆಗೆ.

"ಅಕ್ಕ, ನಾನು..." ಎಂದವಳು ನಾಲಿಗೆ ಕಚ್ಚಿಕೊಂಡೆ. ನಾನು ಕಣೇ ಎಂದರೆ ಇನ್ನೊಂದು ಹಿಡಿ ಬರುತ್ತದೆ. ಏನು ಹೇಳಿದರೂ ಬರುತ್ತದೆ. ಈ ದರಿದ್ರ ಹಕ್ಕಿಗಳು ಕಲಿಯದೆ ಬಿಟ್ಟ ಮಾತು ಯಾವುದಿದೆ? ಕನ್ನಡಕದ ಮೇಲಿನ ಅಗುಳನ್ನು ಒರೆಸಿಕೊಳ್ಳುತ್ತ ನಿಂತಾಗ ಹೊಳೆಯಿತು. ಪ್ರಶ್ನೆ ಕೇಳಿದವರಿಗೆ ಅನ್ನ ಸಿಗುತ್ತದೆ, ಅದನ್ನು ಕಲಿತಿವೆ. ಉತ್ತರ ಕೊಡುವುದನ್ನು ಊರಿನ ಜನ ಎಂದೋ ಬಿಟ್ಟಿದ್ದಾರೆ. ಅದನ್ನು ಅವು ಕಲಿಯುವಷ್ಟು ಕೇಳಿಯೇ ಇಲ್ಲ.

"ಇಲ್ಲ," ಎಂದೆ. "ಊಟ ಆಗಿಲ್ಲ. ಬಡಿಸು."

ಎರಡನೆಯ ಹಿಡಿಗೆ ಎತ್ತಿದ್ದ ಅಕ್ಕನ ಕೈ ಹಾಗೆಯೇ ನಿಂತಿತು. ಅವಳು ನಿಧಾನವಾಗಿ ತಿರುಗಿ, ನಮ್ಮ ಊರಿನಲ್ಲಿ ಯಾರೂ ನೋಡಬಾರದ ಹಾಗೆ, ನನ್ನ ಮುಖವನ್ನು ನೋಡಿದಳು. ಕೆನ್ನೆಯ ಮೇಲಿನ ಅನ್ನವನ್ನೂ ನೋಡಿದಳು.

"ಇಷ್ಟು ದಿನ ಬೇಕಾಯ್ತೇನೇ ಒಂದು ಉತ್ತರ ಕೊಡಕ್ಕೆ?"

"ನೀನು ಗಟ್ಟಿಯಾಗಿ ಕೇಳ್ಬೇಕಿತ್ತು."

"ಕೇಳಿದ್ನಲ್ಲ! ಗೋಡೆ ಹತ್ರ ನಿಂತು ಎರಡು ಸಲ ಕೇಳ್ದೆ. ನೀನು ದೋಸೆ ಚೂರು ಎಸೆದೆ, ನನ್ನ ತುರುಬಿನ ಮೇಲೆ ಬಿತ್ತು. ಅದೂ ಸೀದಿದ್ದು. ನನ್ನ ಸಾರಿಗೆ ಹೆಸರಿಡ್ತಾಳೆ!"

"ಹಕ್ಕಿ ಅಂದ್ಕೊಂಡೆ."

"ನಾನೂ ಹಕ್ಕಿ ಅಂದ್ಕೊಂಡೆ. ಕೂತ್ಕೋ. ಮುಖ ತೊಳ್ಕೊಂಡು ಬಾ ಮೊದಲು, ಪೀಚು."

ತೊಳೆದುಕೊಂಡು ಬಂದು ಖಾಲಿ ತಟ್ಟೆಯ ಮುಂದೆ ಕೂತೆ. ಅಕ್ಕ ಅನ್ನ ಬಡಿಸಿ, ನಡುವೆ ಗುಳಿ ಮಾಡಿ ಸಾರು ಹಾಕಿ, ತಾನು ಉಣ್ಣದೆ ನನ್ನ ಬಾಯನ್ನೇ ನೋಡುತ್ತ ಕೂತಳು.

"ಹೇಗಿದೆ?"

ಹುಳಿ ಹದವಾಗಿತ್ತು. ಉಪ್ಪು ಸಾಲದು. ಒಂದು ಚಿಟಿಕೆಯಷ್ಟು, ಹೆಚ್ಚೆಂದರೆ ಒಂದೂವರೆ. ಮೇಲೆ ಕಿಟಕಿಯ ಸರಳಿನ ಮೇಲೆ ಒಂದು ಗೊರವಂಕ ಬಂದು ಕೂತು, ಕುತ್ತಿಗೆಯನ್ನು ಓರೆ ಮಾಡಿ, ಕಲಿಯಲು ಸಿದ್ಧವಾಗಿ ಕಾಯುತ್ತಿತ್ತು. ಅದನ್ನೊಮ್ಮೆ ನೋಡಿ, ದೊಡ್ಡದೊಂದು ತುತ್ತನ್ನು ಬಾಯಿಗೆ ತುರುಕಿಕೊಂಡು, ನಾನು ಬರೀ ತಲೆಯಾಡಿಸಿದೆ.